ತುರ್ತು ಚಿಕಿತ್ಸೆಯ ಮಗ್ಗಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಜ್ಞಾನೇಶ್ ನಡೆಸುತ್ತಿದ್ದ ತರಬೇತಿ ಕೇಂದ್ರದಲ್ಲಿ ನಾನು ಕೆಲವು ತಿಂಗಳು ರೋಗಿಯಾಗಿ ಕೆಲಸ ಮಾಡಿದ್ದೇನೆ. ಹಾಗೆಂದರೆ ಜನ ನಗುತ್ತಾರೆ. ನಗಲಿ. ಭದ್ರಾವತಿಯ ಕಾರ್ಖಾನೆಯಲ್ಲಿ ಆಯುಷ್ಯದ ಅರ್ಧವನ್ನು ಕುಲುಮೆಯ ಮುಂದೆ ನಿಂತು ಕಳೆದಾಗ ಯಾರೂ ನನಗೊಂದು ಶಾಲು ಹೊದಿಸಲಿಲ್ಲ. ಇಲ್ಲಿ ಮೇಜಿನ ಮೇಲೆ ಮಲಗಿದ ಮೊದಲ ದಿನವೇ ಹೊದಿಸಿದರು. ರಕ್ತ ಹೋಗಿ ತಣ್ಣಗಾದ ರೋಗಿಗೆ ಬೆಚ್ಚಗೆ ಹೊದಿಸಬೇಕೆಂಬ ಪಾಠ ಅದು ಎಂದು ಆಮೇಲೆ ಗೊತ್ತಾಯಿತು.

ಎರಡು ಸಾವಿರದ ಎಂಟನೆಯ ಇಸವಿ. ಹೊಸ ಆಂಬ್ಯುಲೆನ್ಸ್‌ಗಳು ಬರುತ್ತವಂತೆ, ಫೋನ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತವಂತೆ ಎಂಬ ಸುದ್ದಿ ಎಲ್ಲ ಕಡೆ. ಅಲ್ಲಿಯವರೆಗೆ ನಮ್ಮ ಕಡೆ ಆಂಬ್ಯುಲೆನ್ಸಿನಲ್ಲಿ ರೋಗಿಯ ಜೊತೆಗೆ ಇರುತ್ತಿದ್ದವರು ಡ್ರೈವರು ಮತ್ತು ದೇವರು, ಇಬ್ಬರೇ. ಇನ್ನು ಮುಂದೆ ಇವರಿಬ್ಬರ ನಡುವೆ ತರಬೇತಿಯಾದ ಒಬ್ಬ ಸಹಾಯಕ ಕೂರುತ್ತಾನೆ, ಅವನು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದು ಪಾಸಾಗಿರಬೇಕು ಎಂದರು. ಸುದ್ದಿ ಬಂದ ವಾರದಲ್ಲೇ ಜ್ಞಾನೇಶ್ ಬೋರ್ಡು ಬದಲಿಸಿದ. ಅದೇ ಕೋಣೆಯಲ್ಲಿ ಮೊದಲು ಟೈಪಿಂಗ್ ಕಲಿಸುತ್ತಿದ್ದ, ಆಮೇಲೆ ಸ್ಪೋಕನ್ ಇಂಗ್ಲಿಷ್. ಈಗ ಪ್ರಾಣ ಉಳಿಸುವುದು. ಬೆಂಚುಗಳು ಮಾತ್ರ ಅವೇ.

ನನ್ನ ಸೊಸೆ ಬಸವರಾಜೇಶ್ವರಿ ಅಲ್ಲಿಗೆ ಸೇರಿದಳು. ನನ್ನ ಮಗ ತೀರಿಹೋಗಿ ಆಗ ಒಂದು ವರ್ಷ ಕಳೆದಿತ್ತು. ಬೈಪಾಸಿನಲ್ಲಿ ಲಾರಿ ತಗುಲಿ ಬಿದ್ದವನ ಸುತ್ತ ಬಹಳ ಜನ ಸೇರಿದ್ದರಂತೆ. ಒಬ್ಬ ಬಾಯಿಗೆ ನೀರು ಬಿಟ್ಟ, ಇನ್ನೊಬ್ಬ ಸೋಡಾ ತಂದ, ಮತ್ತೊಬ್ಬ ಗಾಳಿ ಹಾಕಿದ. ಯಾರನ್ನೂ ತಪ್ಪು ಹಿಡಿಯುವಂತಿಲ್ಲ, ಎಲ್ಲರೂ ಒಳ್ಳೆಯವರೇ. ಅದರ ಬಗ್ಗೆ ನಮ್ಮ ಮನೆಯಲ್ಲಿ ನಾವು ಮಾತಾಡುವುದಿಲ್ಲ.

ವರ್ಷದ ಕಾರ್ಯ ಮುಗಿದ ಮಾರನೆಯ ದಿನ ಸೊಸೆಯ ಅಣ್ಣ ಷಡಕ್ಷರಪ್ಪ ಬಂದ. ಶಿವಮೊಗ್ಗದಲ್ಲಿ ಅಡಿಕೆ ಮಂಡಿ, ಅಲ್ಲೇ ಹೊಸಮನೆ ಬಡಾವಣೆಯಲ್ಲಿ ಎರಡಂತಸ್ತಿನ ಮನೆ. ತಂಗಿಯ ಮೇಲೆ ಅವನಿಗೆ ಮೊದಲಿನಿಂದಲೂ ಪ್ರೀತಿ. ಮನೆಯ ಅಡುಗೆಯವಳು ಬಿಟ್ಟುಹೋದ ಮೇಲೆ ಆ ಪ್ರೀತಿ ತಡೆಯಲಾರದಷ್ಟು ಹೆಚ್ಚಿತ್ತು.

"ಬೀಗ್ರೇ, ತಂಗೀನ ನಮ್ಮನೇಗೆ ಕರ್ಕೊಂಡು ಹೋಗ್ತೀನಿ. ಇಲ್ಲಿ ಒಬ್ಳೇ ಏನ್ ಮಾಡ್ತಾಳೆ? ಅಲ್ಲಿ ನಮ್ ಉಮಾಮಹೇಶ್ವರಿಗೂ ಜೊತೆಯಾಗುತ್ತೆ. ಪಾಪ, ಅವಳಿಗೆ ಮಂಡಿ ನೋವು, ಒಲೆ ಮುಂದೆ ನಿಲ್ಲೋಕಾಗಲ್ಲ" ಎಂದ.

ಉಮಾಮಹೇಶ್ವರಿ ಅವನ ಹೆಂಡತಿ. ಅವಳ ಮಂಡಿ ನೋವು ಮದುವೆ ಮನೆಗಳಲ್ಲಿ ತಾನಾಗಿಯೇ ವಾಸಿಯಾಗುವುದನ್ನು ನಾನೇ ಕಂಡಿದ್ದೇನೆ.

ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಅಣ್ಣ, ನಾನೊಂದು ಪರೀಕ್ಷೆ ಬರೀಬೇಕು ಅಂತಿದ್ದೀನಿ. ಆಂಬ್ಯುಲೆನ್ಸ್ ಕೆಲ್ಸಕ್ಕೆ" ಎಂದಳು.

ಷಡಕ್ಷರಪ್ಪ ನಗಲಿಲ್ಲ. ದೊಡ್ಡ ಮನುಷ್ಯ, ನಗುವುದನ್ನು ಕಣ್ಣಿನಲ್ಲೇ ಮುಗಿಸಿದ. "ಬರಿ ತಾಯಿ. ಯಾರು ಬೇಡ ಅಂದ್ರು? ಒಂದ್ಸಲ ಬರಿ. ಆಗ್ಲಿಲ್ಲ ಅಂದ್ರೆ ಸುಮ್ನೆ ನಮ್ಮನೇಗೆ ಬಂದ್ಬಿಡ್ಬೇಕು. ಏನಂತೀರಿ ಬೀಗ್ರೇ?"

ನಾನು ಆಗಲಿ ಎಂದೆ. ಅವಳೂ ಆಗಲಿ ಎಂದಳು. ಮಾತು ಕೊಟ್ಟಂತಾಯಿತು.

ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳು. ಮದುವೆಯಾದ ಮೇಲೆ ಪುಸ್ತಕ ಮುಟ್ಟಿರಲಿಲ್ಲ. ಅವಳ ಜೊತೆ ನಾನೂ ದಿನಾ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಕೂತರೂ ಸುಮ್ಮನೆ ಕೂರಬೇಕು, ಅಲ್ಲಿ ಕೂತರೂ ಅಷ್ಟೇ. ಒಂದು ದಿನ ಜ್ಞಾನೇಶ್ ಹೊರಗೆ ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಯಜಮಾನ್ರೇ, ಅಭ್ಯಾಸಕ್ಕೆ ರಬ್ಬರ್ ಬೊಂಬೆ ಬರ್ಬೇಕಿತ್ತು. ಬೆಂಗಳೂರಿಂದ ಹೊರಟಿದೆ ಅಂತಾರೆ, ಇನ್ನೂ ತಲುಪಿಲ್ಲ. ಅಲ್ಲಿವರೆಗೆ ನೀವು ಒಳಗೆ ಬಂದು ಮಲ್ಕೊತೀರಾ? ಏನೂ ಮಾಡೋದು ಬೇಡ. ಮಾತಾಡ್ಬಾರ್ದು, ಅಲ್ಲಾಡ್ಬಾರ್ದು."

"ರಿಟೈರ್ ಆದಾಗಿಂದ ಅದೇ ಅಭ್ಯಾಸ ಸ್ವಾಮಿ" ಎಂದೆ.

ಬೊಂಬೆ ಕೊನೆಯವರೆಗೂ ಬರಲಿಲ್ಲ. ಹೀಗೆ ಮೇಜಿನ ಮೇಲೆ ಮಲಗಿ, ಕಣ್ಣು ಮುಚ್ಚಿ, ಆ ಕೇಂದ್ರದಲ್ಲಿ ನಡೆದದ್ದನ್ನೆಲ್ಲ ಕೇಳಿದೆ. ಮಾತಾಡದವನ ಮುಂದೆ ಜನ ಎಲ್ಲವನ್ನೂ ಆಡುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲ. ಹಾಗಾಗಿ ಕೇಳಿದ್ದು ಹೋಗುವುದಿಲ್ಲ.

ಕೇಂದ್ರದಲ್ಲಿ ಮೂರು ಕಂಪ್ಯೂಟರುಗಳಿದ್ದವು. ಎರಡು ಕೆಟ್ಟಿದ್ದವು. ಮೂರನೆಯದು ಕೆಡಬಾರದೆಂದು ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅದರ ನೆತ್ತಿಗೆ ಮೂರು ಬೆರಳಿನ ವಿಭೂತಿ, ಮೈಮೇಲೆ ಹೂವಿನ ಕಸೂತಿಯ ಬಟ್ಟೆ. ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಶುಕ್ರವಾರ ಜ್ಞಾನೇಶ್ ಬಟ್ಟೆ ಸರಿಸಿ, ಊದುಬತ್ತಿ ಹಚ್ಚಿ, ಸ್ವಿಚ್ ಒತ್ತಿ, ಬೆಳಕು ಬಂದಿದ್ದನ್ನು ಎಲ್ಲರಿಗೂ ತೋರಿಸಿ ಮತ್ತೆ ಮುಚ್ಚುತ್ತಿದ್ದ. ಮೌಸ್ ಹಿಡಿಯುವ ಅಭ್ಯಾಸ ಬೇಕಲ್ಲ, ಅದಕ್ಕೆ ಪ್ರತಿಯೊಬ್ಬರೂ ಮನೆಯಿಂದ ಒಂದು ಸೋಪಿನ ಡಬ್ಬಿ ತರಬೇಕಿತ್ತು. ಡಬ್ಬಿಯನ್ನು ಬೆಂಚಿನ ಮೇಲೆ ಆಚೆ ಈಚೆ ಜಾರಿಸಿ ತೋರುಬೆರಳಿನಿಂದ ತಟ್ಟುವುದು. ಇಡೀ ತರಗತಿ ಒಟ್ಟಿಗೆ ತಟ್ಟಿದರೆ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳುತ್ತಿತ್ತು.

ಜ್ಞಾನೇಶ್‌ನ ಪಾಠದ ಸಾರ ಇಷ್ಟೇ: ರೋಗ ಬೇರೆ, ಪರೀಕ್ಷೆ ಬೇರೆ. ರೋಗ ಆಂಬ್ಯುಲೆನ್ಸಿಗೆ ಬಂದ ಮೇಲೆ ನೋಡಿಕೊಳ್ಳೋಣ, ಈಗ ಪರೀಕ್ಷೆ ನೋಡಿ.

ಕಂಪ್ಯೂಟರಿನಲ್ಲಿ ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದ ಒಂದನ್ನು ಒತ್ತಬೇಕು. ಬೇರೆ ಊರಿನಲ್ಲಿ ಮೊದಲೇ ಪರೀಕ್ಷೆ ಬರೆದು ಬಂದ ಹುಡುಗರನ್ನು ಕರೆಸಿ, ಕಾಫಿ ಕೊಡಿಸಿ, ಯಾವ ಪ್ರಶ್ನೆಗೆ ಎಷ್ಟನೆಯ ಉತ್ತರ ಸರಿಯೆಂದು ಜ್ಞಾನೇಶ್ ಕೇಳಿಕೊಂಡ. ಅದನ್ನೆಲ್ಲ ಸೇರಿಸಿ ಮಗ್ಗಿ ಕಟ್ಟಿದ. ನಾವು ಸಣ್ಣವರಿದ್ದಾಗ ದೀಪ ಹಚ್ಚಿದ ಹೊತ್ತಿಗೆ ಜಗಲಿಯಲ್ಲಿ ಕೂತು ಎರಡೊಂದ್ಲೆ ಎರಡು ಹೇಳುತ್ತಿದ್ದೆವಲ್ಲ, ಅದೇ ಧಾಟಿ.

"ಎದೆನೋವು ಎರಡು, ಎಲುಬು ಮುರಿತ ಮೂರು, ಹಾವು ಕಡಿತ ಒಂದು, ಬೆಂಕಿ ಸುಟ್ಟರೆ ನಾಲ್ಕು."

ಇಡೀ ತರಗತಿ ಮೈ ತೂಗುತ್ತ ಹೇಳುತ್ತಿತ್ತು. ನಾನು ಮಲಗಿದ್ದಲ್ಲೇ ಕಲಿತೆ. ಈಗಲೂ ಬರುತ್ತದೆ, ಬೇಕಿದ್ದರೆ ಹೇಳಿಸಿ.

ಒಂದು ಸಲ ಮಾತ್ರ ತೊಡಕಾಯಿತು. ದಾವಣಗೆರೆಯಲ್ಲಿ ಬರೆದ ಹುಡುಗ ಎದೆನೋವಿಗೆ ಎರಡನೆಯ ಉತ್ತರ ಎಂದ. ಅವನ ಪಕ್ಕದಲ್ಲೇ ಕೂತು ಬರೆದಿದ್ದ ಇನ್ನೊಬ್ಬ, ಅಲ್ಲ, ನಾಲ್ಕನೆಯದು ಎಂದ. ಇಬ್ಬರೂ ಪಾಸಾದವರು. ಇಬ್ಬರೂ ಆಣೆ ಮಾಡಿದರು.

"ಇಬ್ರಿಗೂ ಬೇರೆ ಬೇರೆ ಯಾಕಿತ್ತು ಸರ್?" ಎಂದು ಬಸವರಾಜೇಶ್ವರಿ ಕೇಳಿದಳು.

"ಅಮ್ಮಾ, ಯಾಕೆ ಅಂತ ಕೇಳೋಕೆ ಡಾಕ್ಟರ್ ಓದು ಅಂತ ಬೇರೇನೇ ಇದೆ" ಎಂದ ಜ್ಞಾನೇಶ್. "ಇಲ್ಲಿ ಟೈಮ್ ಇಲ್ಲ. ಕೈ ಎತ್ರಪ್ಪ, ಎದೆನೋವಿಗೆ ಎರಡು ಅನ್ನೋರು ಯಾರ್ಯಾರು?"

ಕೈಗಳು ಎದ್ದವು. ಬಹುಮತದಿಂದ ಎದೆನೋವು ಎರಡೆಂದು ತೀರ್ಮಾನವಾಯಿತು. ಪ್ರಜಾಪ್ರಭುತ್ವ ಎದೆಯೊಳಗೂ ಇಳಿಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ತರಗತಿಗೆ ರತ್ನ ಎಂದರೆ ತ್ರಿವಿಕ್ರಮ. ಅಪ್ಪ ಸಂಸ್ಕೃತ ಮೇಷ್ಟ್ರು, ಅಜ್ಜ ವೇದ ಬಾಯಿಪಾಠ ಹೇಳುವ ಘನಪಾಠಿಗಳು. ಕಂಠಪಾಠ ರಕ್ತದಲ್ಲೇ ಇತ್ತು. ಮಗ್ಗಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಒಂದು ಬಿಟ್ಟು ಒಂದು ಹೇಳುತ್ತಿದ್ದ. ಆದರೆ ನನ್ನ ಕೈಯ ನಾಡಿ ಹಿಡಿಯುವಾಗ ಹೆಬ್ಬೆರಳಿನಲ್ಲಿ ಹಿಡಿದು ತನ್ನ ನಾಡಿಯನ್ನೇ ಎಣಿಸಿಕೊಂಡು, "ತಾತ ಚೆನ್ನಾಗಿದ್ದಾರೆ" ಎನ್ನುತ್ತಿದ್ದ. ಅವನ ಆರೋಗ್ಯ ಚೆನ್ನಾಗಿತ್ತು, ಸುಳ್ಳಲ್ಲ.

ನನ್ನ ಸೊಸೆಗೆ ಮಗ್ಗಿ ತಲೆಗೆ ಹತ್ತಲಿಲ್ಲ. ಹಾವಿಗೆ ಮೂರು ಎನ್ನುವಳು, ಎಲುಬಿಗೆ ಒಂದು ಎನ್ನುವಳು. ಬಸ್ಸಿನಲ್ಲಿ ಬರುವಾಗ ನಾನು ಹೇಳಿಕೊಡುತ್ತಿದ್ದೆ. ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಒಂದು ದಿನ ನಮ್ಮ ಬೀದಿಯ ಚೌಡಮ್ಮ ಅದೇ ಬಸ್ಸಿನಲ್ಲಿದ್ದಳು.

"ಏನ್ ಏಕಾಂತಪ್ಪ, ಮಟ್ಕಾ ನಂಬರ್ ಹೇಳ್ಕೊಡ್ತಿದ್ದೀಯಾ ಸೊಸೆಗೆ?"

"ಇಲ್ಲ ಚೌಡಮ್ಮ, ಪ್ರಾಣ ಉಳಿಸೋದು."

"ಅದಕ್ಕಿಂತ ಮಟ್ಕಾನೇ ವಾಸಿ ಮಾರಾಯ" ಎಂದಳು.

ಕೇಂದ್ರದಲ್ಲಿ ಶನಿವಾರ ಮಾತ್ರ ಸುವರ್ಣಮ್ಮ ಎಂಬ ನಿವೃತ್ತ ನರ್ಸ್ ಬರುತ್ತಿದ್ದರು. ನಿಜವಾದ ನರ್ಸ್ ಒಬ್ಬರು ಪಾಠ ಮಾಡುತ್ತಾರೆಂದು ಬೋರ್ಡಿನಲ್ಲಿ ಬರೆಸಿಯಾಗಿತ್ತು, ಅದಕ್ಕೆ. ಅವರ ತರಗತಿಯಿಂದ ನಂಬರು ಸಿಗುತ್ತಿರಲಿಲ್ಲವಾಗಿ ಹುಡುಗರು ಆ ಹೊತ್ತಿಗೆ ಗೋಬಿ ಮಂಚೂರಿ ತಿನ್ನಲು ಹೋಗುತ್ತಿದ್ದರು. ಉಳಿಯುತ್ತಿದ್ದವರು ಇಬ್ಬರೇ. ನಾನು, ಎದ್ದು ಹೋಗುವಂತಿಲ್ಲದ್ದರಿಂದ. ಬಸವರಾಜೇಶ್ವರಿ, ನನ್ನನ್ನು ಬಿಟ್ಟು ಹೋಗುವಂತಿಲ್ಲದ್ದರಿಂದ.

ಸುವರ್ಣಮ್ಮನವರ ಬಾಯಿ ಖಾರ. "ಏನ್ ನೋಡ್ತಾ ನಿಂತಿದ್ದೀಯೇ, ಮಾವ ಅಂತ ಸೆರಗು ಸರಿಮಾಡ್ಕೊತೀಯಾ? ರೋಡಲ್ಲಿ ಬಿದ್ದೋನು ಯಾರಿಗೂ ಮಾವ ಅಲ್ಲ. ಎದೆ ಏಳುತ್ತಾ ನೋಡು. ಕೆನ್ನೆ ತಂದು ಮೂಗಿಗೆ ಹಿಡಿ, ಉಸಿರು ತಾಗುತ್ತಾ? ಈಗ ಪ್ರಜ್ಞೆ ಇಲ್ಲ ಅಂದ್ಕೋ. ಏನ್ ಕೊಡ್ತೀಯಾ?"

ಸೊಸೆ ನನ್ನ ಭುಜದ ಮೇಲೆ ಕೈಯಿಟ್ಟಳು.

"ಏನೂ ಕೊಡ್ಬಾರ್ದು. ನೀರು ಬಿಟ್ರೆ ಶ್ವಾಸಕ್ಕೆ ಇಳಿಯುತ್ತೆ. ಒಂದು ಪಕ್ಕಕ್ಕೆ ತಿರುಗಿಸಿ ಮಲಗ್ಸು, ಬಾಯಲ್ಲಿರೋದು ಹೊರಗೆ ಬರ್ಲಿ. ತಿಳೀತಾ?"

"ತಿಳೀತು" ಎಂದಳು. ಅವಳ ಕೈ ಇನ್ನೂ ಅಲ್ಲೇ ಇತ್ತು. ನಾನು ಕಣ್ಣು ತೆರೆಯಲಿಲ್ಲ. ರೋಗಿ ಕಣ್ಣು ತೆರೆಯಬಾರದೆಂಬುದು ಕೇಂದ್ರದ ನಿಯಮ. ಆ ದಿನ ಅದು ಒಳ್ಳೆಯ ನಿಯಮ ಅನ್ನಿಸಿತು.

ಪರೀಕ್ಷೆಯ ದಿನ ಬಂತು. ಊರಾಚೆಯ ಒಂದು ಕಾಲೇಜಿನಲ್ಲಿ ಪರೀಕ್ಷೆ. ಜ್ಞಾನೇಶ್ ಎಲ್ಲರ ಸೋಪಿನ ಡಬ್ಬಿಗಳನ್ನೂ ದೇವಸ್ಥಾನದಲ್ಲಿಟ್ಟು ಅರ್ಚನೆ ಮಾಡಿಸಿದ. ಅರ್ಚಕರು ಡಬ್ಬಿಗಳನ್ನು ನೋಡಿ, ಇದು ಯಾವ ಸಂಪ್ರದಾಯ ಎಂದು ಕೇಳಲಿಲ್ಲ. ಅವರು ಅದಕ್ಕಿಂತ ವಿಚಿತ್ರವಾದದ್ದನ್ನು ಕಂಡಿರಬೇಕು. ಬಸ್ಸಿನಲ್ಲಿ ಬರುವಾಗ ನನ್ನ ಸೊಸೆ ಮಗ್ಗಿಯನ್ನು ಒಂದು ತಪ್ಪಿಲ್ಲದೆ ಹೇಳಿದ್ದಳು. ನನಗೂ ಧೈರ್ಯ ಬಂದಿತ್ತು.

ಅಷ್ಟರಲ್ಲಿ ಷಡಕ್ಷರಪ್ಪನೂ ಕಾರಿನಲ್ಲಿ ಬಂದ. "ಪರೀಕ್ಷೆ ಮುಗಿದ್ಮೇಲೆ ಹಾಗೇ ಮನೆಗೆ ಕರ್ಕೊಂಡು ಹೋಗ್ತೀನಿ ಬೀಗ್ರೇ. ರಿಸಲ್ಟ್ ಬರೋವರೆಗೆ ಅಲ್ಲೇ ಇರ್ಲಿ" ಎಂದ. ಪರೀಕ್ಷೆ ಶುರುವಾಗುವ ಮೊದಲೇ ಅವನಿಗೆ ಫಲಿತಾಂಶ ಗೊತ್ತಿತ್ತು. ಮಂಡಿ ವ್ಯಾಪಾರದವರು, ಮೂಟೆ ಬಿಚ್ಚದೆಯೇ ಅಡಿಕೆಯ ಜಾತಿ ಹೇಳುತ್ತಾರೆ.

ಹುಡುಗರೆಲ್ಲ ಒಳಗೆ ಹೋದರು. ನಾವು ಹೊರಗೆ ಹೊಂಗೆ ಮರದ ಕೆಳಗೆ ಕೂತೆವು. ಕೊಟ್ಟಿದ್ದು ಎರಡು ಗಂಟೆ. ಒಂದು ಟೀ ಕುಡಿಯುವಷ್ಟರಲ್ಲಿ ತ್ರಿವಿಕ್ರಮ ಹೊರಗೆ ಬಂದ, ಮುಖದಲ್ಲಿ ಬೆಳಕು.

"ಎಲ್ಲಾ ನಮ್ಮವೇ ಸರ್. ಎದೆನೋವು, ಹಾವು, ಎಲುಬು, ಒಂದೂ ಬಿಡದ ಹಾಗೆ. ಮೊದಲ್ನೇ ಪದ ಕಂಡ್ ತಕ್ಷಣ ನಂಬರ್ ಒತ್ತಿದೆ. ಪೂರ್ತಿ ಓದೋ ತೊಂದ್ರೇನೇ ಇರ್ಲಿಲ್ಲ."

ಜ್ಞಾನೇಶ್ ಅವನನ್ನು ತಬ್ಬಿಕೊಂಡ. ಅವನ ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರೂ ನಗುತ್ತ ಬಂದರು. ಬಸವರಾಜೇಶ್ವರಿ ಬರಲಿಲ್ಲ. ಎರಡನೆಯ ಟೀ ಆಯಿತು. ಷಡಕ್ಷರಪ್ಪ ಕಾರಿನ ಸೀಟು ಹಿಂದಕ್ಕೆ ಮಲಗಿಸಿ ಒಂದು ನಿದ್ದೆ ತೆಗೆದ. ಕೊನೆಯ ಗಂಟೆ ಹೊಡೆದ ಮೇಲೆ ಅವಳು ಬಂದಳು, ಕಣ್ಣು ಕೆಂಪಾಗಿ.

"ಮಾವ, ಕಂಪ್ಯೂಟರ್ ಮುಂದೆ ಕೂತ ತಕ್ಷಣ ಮಗ್ಗಿ ಮರ್ತುಹೋಯ್ತು. ಒಂದು ನಂಬರ್ರೂ ನೆನಪಾಗ್ಲಿಲ್ಲ."

"ಮತ್ತೆ ಏನ್ ಮಾಡ್ದೆ?"

"ಇನ್ನೇನ್ ಮಾಡ್ಲಿ? ಪ್ರಶ್ನೆ ಓದಿದೆ."

ಸುತ್ತ ನಿಂತಿದ್ದ ಹುಡುಗರಿಗೆ ಅಯ್ಯೋ ಅನ್ನಿಸಿತು. "ಅಕ್ಕ, ಎಲ್ಲಾನೂ ಓದಿದ್ರಾ?" ಎಂದು ತ್ರಿವಿಕ್ರಮ ಮರುಕದಿಂದ ಕೇಳಿದ.

"ಎಲ್ಲಾನೂ. ನಾಲ್ಕೂ ಉತ್ತರಾನೂ. ಇಂಗ್ಲಿಷು, ನಿಧಾನ ಆಯ್ತು. ಆ ಮೌಸ್ ಬೇರೆ ಸೋಪ್ ಡಬ್ಬಿ ಥರ ಇಲ್ಲ, ಓಡುತ್ತೆ. ಕೊನೇ ಎರಡು ಮೂರು ಮುಟ್ಟೋಕೇ ಆಗ್ಲಿಲ್ಲ" ಎಂದಳು. ಆಮೇಲೆ ನನಗಷ್ಟೇ ಕೇಳುವಂತೆ, "ಪ್ರಜ್ಞೆ ಇಲ್ದೋರಿಗೆ ನೀರು ಕೊಡ್ಬೇಕಾ ಅಂತ ಒಂದಿತ್ತು ಮಾವ. ಅದನ್ನ ಮಾತ್ರ ಬೇಗ ಒತ್ತಿದೆ" ಎಂದಳು.

ಜ್ಞಾನೇಶ್ ಅವಳ ತಲೆ ಸವರುವಷ್ಟು ಹತ್ತಿರ ಬಂದು, "ಪರ್ವಾಗಿಲ್ಲಮ್ಮ. ಎಲ್ರಿಗೂ ನೆನಪಿನ ಶಕ್ತಿ ಇರಲ್ಲ" ಎಂದ. ಷಡಕ್ಷರಪ್ಪ ಕಾರಿನ ಹಿಂಬಾಗಿಲು ತೆರೆದು ಹಿಡಿದಿದ್ದ. ಮಾತು ಕೊಟ್ಟಾಗಿತ್ತು. ಅವಳು ಹತ್ತಿ ಕೂತಳು.

ಕಂಪ್ಯೂಟರು ಉತ್ತರಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಿದ್ದುತ್ತದಂತೆ. ತಿದ್ದಿದ್ದನ್ನು ನಮಗೆ ಹೇಳುವುದಕ್ಕೆ ಮಾತ್ರ ಪರೀಕ್ಷೆ ನಡೆಸಿದವರಿಗೆ ಹಲವು ವಾರ ಬೇಕಾಯಿತು. ಆ ನಡುವೆ ಒಂದು ಸೋಮವಾರ ಹೊಸಮನೆಗೆ ಹೋಗಿ ಅವಳನ್ನು ನೋಡಿಬಂದೆ. ನೆಂಟರು ಬಂದಿದ್ದರು. ಬಸವರಾಜೇಶ್ವರಿ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಉಮಾಮಹೇಶ್ವರಿ ಸೋಫಾದ ಮೇಲೆ ಮಂಡಿಗೆ ದಿಂಬು ಕೊಟ್ಟುಕೊಂಡು, "ನಮ್ ನಾದಿನೀನ ಮಗಳ ಹಾಗೆ ನೋಡ್ಕೊತಿದ್ದೀವಿ" ಎಂದು ನೆಂಟರಿಗೆ ಹೇಳುತ್ತಿದ್ದಳು. ಅವರ ಸ್ವಂತ ಮಗಳು ಪಕ್ಕದಲ್ಲಿ ಕೂತು ಟಿವಿ ನೋಡುತ್ತಿದ್ದಳು, ವ್ಯತ್ಯಾಸ ಅಷ್ಟೇ.

ನಾನು ಹೊರಡುವಾಗ ಸೊಸೆ ಗೇಟಿನವರೆಗೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ಮನೇಲಿ ಊಟಕ್ಕೇನ್ ಮಾಡ್ಕೊತೀರಿ ಮಾವ?"

"ಗಂಜಿ. ಚೌಡಮ್ಮ ಸಾರು ಕೊಡ್ತಾಳೆ, ಜೊತೆಗೆ ಬೈಗುಳ."

"ಫೇಲಾದ್ರೆ ಇನ್ನೊಂದ್ಸಲ ಬರೀತೀನಿ ಅಂತ ಅಣ್ಣನ್ನ ಕೇಳ್ದೆ. ಒಂದ್ಸಲ ಅಂತ ಅಲ್ವಾ ಮಾತಾಗಿದ್ದು ಅಂದ."

"ಹೌದು, ಒಂದ್ಸಲ ಅಂತಾನೇ ಆಗಿದ್ದು" ಎಂದೆ. ಬೇರೆ ಏನು ಹೇಳಲಿ? ಅವಳು ತಲೆಯಾಡಿಸಿ ಒಳಗೆ ಹೋದಳು. ಒಲೆಯ ಮೇಲೆ ರೊಟ್ಟಿಯ ಹಂಚು ಕಾಯುತ್ತಿತ್ತು.

ಫಲಿತಾಂಶ ಬಂದ ದಿನ ಕೇಂದ್ರದಿಂದ ನನಗೂ ಕರೆ ಬಂತು. ಹೋದೆ. ಕಂಪ್ಯೂಟರಿನ ಕೋಣೆಯ ಬಾಗಿಲಲ್ಲಿ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ಆಗಲೇ ಏನೋ ಆಗಿದೆ ಎಂದುಕೊಂಡೆ. ತ್ರಿವಿಕ್ರಮ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಅವನ ಅಪ್ಪ ಮೇಷ್ಟ್ರು ಜ್ಞಾನೇಶ್‌ನ ಎದುರಿಗೆ ಕೈ ತಿರುಗಿಸುತ್ತಿದ್ದರು.

"ಎಲ್ಲ ಪ್ರಶ್ನೆಗಳೂ ಬಂದಿದ್ವು. ಎಲ್ಲಕ್ಕೂ ನೀವು ಹೇಳಿದ ಉತ್ತರವನ್ನೇ ಒತ್ತಿದ್ದಾನೆ. ಹೇಗೆ ನಪಾಸಾಗ್ತಾನೆ?"

ಜ್ಞಾನೇಶ್ ಬೆವರು ಒರೆಸಿಕೊಂಡ. "ಮೋಸ ಆಗಿದೆ ಸರ್. ನಾನು ಫೋನ್ ಮಾಡಿ ವಿಚಾರಿಸ್ದೆ. ಆ ಕಂಪ್ಯೂಟರ್ ಪ್ರತಿಯೊಬ್ರಿಗೂ ಉತ್ತರಗಳ ಜಾಗ ಬದಲಾಯಿಸಿ ತೋರ್ಸುತ್ತಂತೆ. ಒಬ್ರಿಗೆ ಎರಡ್ನೇದಾಗಿ ಇದ್ದದ್ದು ಪಕ್ಕದೋರಿಗೆ ನಾಲ್ಕನೇದು. ಇದು ನ್ಯಾಯಾನಾ ನೀವೇ ಹೇಳಿ. ಹುಡುಗ್ರು ಕಷ್ಟಪಟ್ಟು ಕಂಠಪಾಠ ಮಾಡಿರ್ತಾರೆ, ಇವ್ರು ಜಾಗ ಬದಲಾಯಿಸ್ತಾರೆ."

"ಅಕ್ರಮ" ಎಂದರು ಮೇಷ್ಟ್ರು. "ಮಂತ್ರದ ಅಕ್ಷರ ಅದಲುಬದಲು ಮಾಡಿದ್ರೆ ಫಲ ಬರುತ್ತೇನ್ರೀ?"

ಅಲ್ಲಿದ್ದ ಎಲ್ಲರೂ ಪರೀಕ್ಷೆಯೇ ತಪ್ಪು ಎಂದು ಒಪ್ಪಿದರು. ಕೈ ಎತ್ತಿಸುವ ಅಗತ್ಯವೂ ಬೀಳಲಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಜ್ಞಾನೇಶ್ ನನ್ನ ಕಡೆ ತಿರುಗಿ, "ಯಜಮಾನ್ರೇ, ನಿಮ್ ಸೊಸೆ ಪಾಸು. ಅಂಚಿನಲ್ಲಿ ಪಾಸು, ಆದ್ರೂ ಪಾಸು. ನಮ್ ಕೇಂದ್ರದಿಂದ ಅವ್ರೊಬ್ರೇ" ಎಂದ. ಅವನ ದನಿಯಲ್ಲಿ ದೂರು ಇತ್ತೋ ಸಂತೋಷ ಇತ್ತೋ ಹೇಳಲಾರೆ. ಆಮೇಲೆ ಕೇಳಿದ, "ಅವ್ರದ್ದೊಂದು ಫೋಟೋ ಬೇಕಿತ್ತು. ಬ್ಯಾನರಿಗೆ. ನಮ್ಮ ಮಗ್ಗಿ ವಿಧಾನದಿಂದ ಪಾಸಾದ್ರು ಅಂತ ಹಾಕ್ಬೋದಲ್ವಾ?"

"ಹಾಕಿ. ಮಗ್ಗಿ ಮರೆತದ್ದೂ ಒಂದು ವಿಧಾನಾನೇ" ಎಂದೆ. ಅವನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ.

ಆಟೋ ಹಿಡಿದು ಹೊಸಮನೆಗೆ ಹೋದೆ. ಷಡಕ್ಷರಪ್ಪ ಊಟಕ್ಕೆ ಕೂತಿದ್ದ. ನಾನು ವಿಷಯ ಹೇಳಿದಾಗ ತುತ್ತು ಹಿಡಿದ ಕೈ ಒಂದು ಕ್ಷಣ ನಿಂತು, ಮತ್ತೆ ಬಾಯಿಗೆ ಹೋಯಿತು. ಬಸವರಾಜೇಶ್ವರಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೌಟನ್ನು ಪಾತ್ರೆಯೊಳಗೆ ಇಟ್ಟು, ಕೈ ತೊಳೆದುಕೊಂಡು, ಕೋಣೆಗೆ ಹೋಗಿ ತನ್ನ ಬಟ್ಟೆಯ ಚೀಲ ತಂದಳು. ಅದು ತುಂಬಿಯೇ ಇತ್ತು. ಇಷ್ಟು ವಾರವೂ ಅವಳು ಅದನ್ನು ಬಿಚ್ಚಿರಲಿಲ್ಲ ಎಂದು ಕಾಣುತ್ತದೆ.

"ಅರೆ, ಒಳ್ಳೇದಾಯ್ತು ಬಿಡು" ಎಂದ ಷಡಕ್ಷರಪ್ಪ. ವ್ಯಾಪಾರಿ, ದರ ಬಿದ್ದರೂ ಮಂಡಿ ಮುಚ್ಚುವವನಲ್ಲ. "ನಮ್ ಮನೆತನದ ಹೆಣ್ಣುಮಗಳು, ಆಗದೇ ಇರುತ್ತಾ? ಡ್ಯೂಟಿ ಶಿವಮೊಗ್ಗದಲ್ಲೇ ಹಾಕ್ಸೋಣ, ನನಗೆ ಗೊತ್ತಿರೋರಿದ್ದಾರೆ. ಇಲ್ಲಿಂದಾನೇ ಓಡಾಡು. ಬೆಳಿಗ್ಗೆ ಹೋಗೋ ಮೊದಲು ಒಂದು ತಿಂಡಿ, ಬಂದ ಮೇಲೆ ಒಂದು ಸಾರು, ಅಷ್ಟೇ. ನಿಮ್ಮ ಅತ್ತಿಗೆ ಮಂಡಿ ನಿನಗೆ ಗೊತ್ತಲ್ಲ."

ಉಮಾಮಹೇಶ್ವರಿ ಸೋಫಾದಿಂದಲೇ ಮಂಡಿ ನೀವಿಕೊಂಡಳು.

ಬಸವರಾಜೇಶ್ವರಿ ಅತ್ತಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಮಂಡಿಯನ್ನು ಎರಡೂ ಕಡೆಯಿಂದ ಒತ್ತಿ ನೋಡಿದಳು, ಮಡಿಸಿ ಬಿಡಿಸಿದಳು. ಅತ್ತಿಗೆ ನೋವೆನ್ನಲು ಮರೆತಳು.

"ಬಾವು ಇಲ್ಲ, ಬಿಸಿ ಇಲ್ಲ. ಒಲೆ ಮುಂದೆ ನಿಂತ್ರೆ ಏನೂ ಆಗಲ್ಲ ಅತ್ತಿಗೆ" ಎಂದಳು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಅಣ್ಣ, ಯಾರಾದ್ರೂ ಬಿದ್ರೆ, ಉಸಿರು ಕಟ್ಟಿದ್ರೆ, ಫೋನ್ ಮಾಡು. ಎಷ್ಟೊತ್ತಾದ್ರೂ ಬರ್ತೀನಿ. ಸಾರು ತುರ್ತಲ್ಲ."

ಷಡಕ್ಷರಪ್ಪ ನನ್ನ ಮುಖ ನೋಡಿದ. ನಾನು ಮಾತಾಡಬಾರದು, ಅಲ್ಲಾಡಬಾರದು ಎಂಬುದನ್ನು ಚೆನ್ನಾಗಿ ಕಲಿತವನು. ಅವಳು ಗೇಟು ದಾಟುವವರೆಗೆ ಹಾಗೇ ನಿಂತಿದ್ದು, ಆಮೇಲೆ ಹಿಂದೆ ಹೊರಟೆ.